ಅಯು ಏರಿದ ದಾರಿ, ಇಳಿದ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಜಪಾನಿನ ಜನಪ್ರಿಯ ಸಂಗೀತದ ಬಗ್ಗೆ ಬರೆಯುವಾಗ ಹಮಸಾಕಿ ಅಯುಮಿ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ‘ಒಂದು ಕಾಲಕ್ಕೆ ಇಡೀ ದೇಶವೇ ಕೇಳುತ್ತಿದ್ದ ಗಾಯಕಿ, ಈಗ ಇಳಿಮುಖ’ ಎಂದಿದ್ದ ಆ ಸಾಲು ಹಲವರಿಗೆ ಸಾಲದೆ ಹೋಯಿತು. ಇಳಿದದ್ದು ಏಕೆ ಎಂದು ಕೇಳಿ ಪತ್ರಗಳು ಬಂದಿವೆ. ಇಪ್ಪತ್ತು ವರ್ಷಗಳಿಗೂ ಮೀರಿ ಆಕೆಯ ಹಾಡುಗಳನ್ನು ಕೇಳಿಕೊಂಡು ಬಂದವನು ನಾನು. ಅಷ್ಟು ಚುಟುಕಾಗಿ ಬರೆದದ್ದು ನನಗೂ ಸರಿ ಕಾಣಲಿಲ್ಲ. ಆದ್ದರಿಂದ ಈ ಬಾರಿಯ ಎಲ್ಲ ಉತ್ತರಗಳನ್ನೂ ಆಕೆಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಜಪಾನಿ ಭಾಷೆ ಕಲಿಯುತ್ತಿರುವ ನನ್ನ ಮಗಳು ಅಯುಮಿ ಅವರ ಹಳೆಯ ಹಾಡುಗಳನ್ನು ದಿನವೂ ಕೇಳುತ್ತಾಳೆ. ಈಕೆ ಯಾರು, ಅಷ್ಟು ಎತ್ತರಕ್ಕೆ ಏರಿದ್ದು ಹೇಗೆ? (ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಹಮಸಾಕಿ ಎಂಬುದು ಮನೆತನ, ಅಯುಮಿ ಎಂಬುದು ಇಟ್ಟ ಹೆಸರು. ಅಭಿಮಾನಿಗಳ ಬಾಯಲ್ಲಿ ಅದು ಬರಿಯ ‘ಅಯು’. ಆಕೆ 1978ರ ಅಕ್ಟೋಬರ್ 2ರಂದು ಕ್ಯೂಶೂ ದ್ವೀಪದ ಫುಕುಒಕಾದಲ್ಲಿ ಹುಟ್ಟಿದರು. ಮೂರು ವರ್ಷದವರಿದ್ದಾಗಲೇ ತಂದೆ ಮನೆ ಬಿಟ್ಟು ಹೋದರು. ತಾಯಿ ದುಡಿಯಲು ಹೋಗುತ್ತಿದ್ದುದರಿಂದ ಬಾಲ್ಯದ ಬಹುಪಾಲು ಅಜ್ಜಿಯ ಆರೈಕೆಯಲ್ಲಿ ಕಳೆಯಿತು. ಹದಿನಾಲ್ಕನೆಯ ವಯಸ್ಸಿಗೆ ಟೋಕಿಯೊಗೆ ಬಂದು ರೂಪದರ್ಶಿಯಾಗಿ, ಧಾರಾವಾಹಿಗಳ ಸಣ್ಣ ಪಾತ್ರಗಳಲ್ಲಿ ದುಡಿದರು. ಪ್ರೌಢಶಾಲೆಯ ಓದು ನಡುವೆಯೇ ನಿಂತಿತು. 1995ರಲ್ಲಿ ಬೇರೊಂದು ಸಂಸ್ಥೆಗಾಗಿ ಒಂದು ಪುಟ್ಟ ರ‍್ಯಾಪ್ ಧ್ವನಿಮುದ್ರಿಕೆಯನ್ನೂ ಮಾಡಿದ್ದರು. ಅದನ್ನು ಯಾರೂ ಗಮನಿಸಲಿಲ್ಲ.

ಆಕೆಯ ಬದುಕು ತಿರುಗಿದ್ದು ಏವೆಕ್ಸ್ ಎಂಬ ಸಂಗೀತ ಸಂಸ್ಥೆಯ ಮತ್ಸೂರಾ ಮಸಾತೊ ಅವರ ಪರಿಚಯವಾದ ಮೇಲೆ. ಮತ್ಸೂರಾ ಸಂಗೀತಗಾರರಾಗಿ ಬೆಳೆದವರಲ್ಲ. ಯೊಕೊಹಾಮಾದ ಒಂದು ಅಂಗಡಿಯಲ್ಲಿ ರೆಕಾರ್ಡುಗಳನ್ನು ಬಾಡಿಗೆಗೆ ಕೊಡುತ್ತ, ಯಾವ ಗಿರಾಕಿಗೆ ಯಾವ ಹಾಡು ಹಿಡಿಸುತ್ತದೆ ಎಂಬುದನ್ನು ಕೈಯಾರೆ ಕಲಿತವರು. ಅನಂತರ 1988ರಲ್ಲಿ ವಿದೇಶೀ ನೃತ್ಯಸಂಗೀತವನ್ನು ಆಮದು ಮಾಡಿ ಮಾರುವ ವ್ಯವಹಾರವಾಗಿ ಏವೆಕ್ಸನ್ನು ಕಟ್ಟಿದವರಲ್ಲಿ ಒಬ್ಬರು. ಅಯುಮಿ ಹಾಡಿದ್ದನ್ನು ಕೇಳಿ ಅವರು ಆಕೆಯನ್ನು ತರಬೇತಿಗೆಂದು ನ್ಯೂಯಾರ್ಕಿಗೆ ಕಳುಹಿಸಿದರು. ಅಲ್ಲಿಂದ ಆಕೆ ಬರೆಯುತ್ತಿದ್ದ ಪತ್ರಗಳ ಧಾಟಿಯನ್ನು ನೋಡಿ, ‘ನಿನ್ನ ಹಾಡಿನ ಸಾಹಿತ್ಯವನ್ನು ನೀನೇ ಬರೆ’ ಎಂದು ಒತ್ತಾಯಿಸಿದರು. ನನ್ನ ದೃಷ್ಟಿಯಲ್ಲಿ ಆಕೆಯ ಇಡೀ ಏಳಿಗೆಯ ಬೇರು ಇರುವುದು ಈ ಒಂದು ಒತ್ತಾಯದಲ್ಲಿ. ಅಂದಿನ ಯುವ ಗಾಯಕಿಯರಲ್ಲಿ ಹೆಚ್ಚಿನವರು ನಿರ್ಮಾಪಕ ಬರೆದುಕೊಟ್ಟದ್ದನ್ನು ಹಾಡುತ್ತಿದ್ದರು. ಅಯುಮಿ ಮೊದಲ ಹಾಡಿನಿಂದಲೂ ತಮ್ಮ ಮಾತನ್ನು ತಾವೇ ಬರೆದರು.

1998ರ ಏಪ್ರಿಲ್ 8ರಂದು ಹೊರಬಂದ ಮೊದಲ ಸಿಂಗಲ್ (ಒಂದೆರಡು ಹಾಡುಗಳಷ್ಟೇ ಇರುವ ಬಿಡಿ ಧ್ವನಿಮುದ್ರಿಕೆ), ಮಾರಾಟದ ಲೆಕ್ಕವಿಡುವ ಓರಿಕಾನ್ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನದಲ್ಲಿ ನಿಂತಿತು. ಅದೇನೂ ದೊಡ್ಡ ಆರಂಭವಲ್ಲ. ಆದರೆ 1999ರ ಜನವರಿ 1ರಂದು ಬಂದ ಮೊದಲ ಆಲ್ಬಂ ಪಟ್ಟಿಯ ತುದಿಗೇರಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆ ವರ್ಷದ ಕೊನೆಯಲ್ಲಿ ಬಂದ ಎರಡನೆಯ ಆಲ್ಬಂ ಇಪ್ಪತ್ತು ಲಕ್ಷವನ್ನು ದಾಟಿತು. ಮೊದಲ ಹೆಜ್ಜೆಗೂ ಈ ಎತ್ತರಕ್ಕೂ ನಡುವೆ ಎರಡು ವರ್ಷಗಳೂ ಇರಲಿಲ್ಲ.

ಹಾಡುಗಳಲ್ಲಿ ಏನಿತ್ತು ಎಂದು ನಿಮ್ಮ ಮಗಳನ್ನೇ ಕೇಳಿ ನೋಡಿ, ನನಗಿಂತ ಚೆನ್ನಾಗಿ ಹೇಳಿಯಾಳು. ಹೊರಗೆ ವೇಗದ ತಾಳ, ಕುಣಿಸುವ ಸಿಂಥಸೈಜರ್; ಒಳಗೆ ತನಗೆ ಸೇರಿದ ಜಾಗ ಎಲ್ಲಿದೆ ಎಂದು ಹುಡುಕುವ ಹುಡುಗಿಯ ಒಂಟಿತನ. ಹಾಡುಗಳ ಹೆಸರು ಇಂಗ್ಲಿಷಿನಲ್ಲಿದ್ದರೂ ಮೊದಲ ಕೆಲವು ವರ್ಷ ಸಾಲುಗಳೆಲ್ಲ ಜಪಾನಿಯಲ್ಲೇ ಇದ್ದವು. ಆಗ ಭೂಮಿ, ಷೇರುಗಳ ಬೆಲೆ ಮಿತಿಮೀರಿ ಉಬ್ಬಿದ್ದ ಜಪಾನಿನ ಆರ್ಥಿಕ ಗುಳ್ಳೆ ಒಡೆದು ಹತ್ತಿರ ಹತ್ತಿರ ಹತ್ತು ವರ್ಷವಾಗಿತ್ತು. ಓದು ಮುಗಿಸಿದರೆ ಕಾಯಂ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಕರಗಿದ್ದ ಆ ಕಾಲದ ಹುಡುಗಿಯರಿಗೆ, ತಂದೆಯಿಲ್ಲದೆ ಬೆಳೆದ, ಶಾಲೆ ಬಿಟ್ಟ, ದೂರದ ಊರಿನಿಂದ ಬಂದ ಈ ದನಿ ತಮ್ಮದೇ ಎನ್ನಿಸಿತು. ಮೇಲಾಗಿ ಆಕೆಗಿಂತ ಮೊದಲು ಇದೇ ಹುಡುಗಿಯರ ಆರಾಧ್ಯಳಾಗಿದ್ದ ಗಾಯಕಿ ಅಮುರೊ ನಾಮಿಎ 1997ರಲ್ಲಿ ಮದುವೆಯಾಗಿ ಮರುವರ್ಷ ಹೆರಿಗೆಗಾಗಿ ರಜೆಯ ಮೇಲಿದ್ದರು. ಟೋಕಿಯೊದ ಯುವಜನರ ಫ್ಯಾಷನ್ ಕೇಂದ್ರವಾದ ಶಿಬುಯಾದ ಬೀದಿಗಳು ಹೊಸ ಮುಖಕ್ಕಾಗಿ ಕಾಯುತ್ತಿದ್ದವು. ಅಯು ಅವರ ಬಣ್ಣ ಹಚ್ಚಿದ ಕೂದಲು, ಅಗಲವಾದ ತಂಪು ಕನ್ನಡಕ, ಚಿತ್ರ ಬರೆದ ಉಗುರು, ಚಿರತೆ ಮಚ್ಚೆಯ ಉಡುಪು ಎಲ್ಲವೂ ಅಲ್ಲಿ ವಾರದೊಳಗೆ ಮಾರಾಟದ ಸರಕಾಗುತ್ತಿದ್ದವು. ಮೊಬೈಲ್ ಫೋನು, ಪ್ರಸಾಧನ ಸಾಮಗ್ರಿ, ಎಲೆಕ್ಟ್ರಾನಿಕ್ ಉಪಕರಣ, ಯಾವ ಜಾಹೀರಾತು ನೋಡಿದರೂ ಅದೇ ದೊಡ್ಡ ಕಣ್ಣುಗಳು.

2001, 2002 ಮತ್ತು 2003, ಈ ಮೂರೂ ವರ್ಷ ಜಪಾನ್ ರೆಕಾರ್ಡ್ ಪ್ರಶಸ್ತಿಯ ಅತ್ಯುನ್ನತ ಗೌರವ ಆಕೆಗೆ ಸಂದಿತು. ಸತತ ಮೂರು ಬಾರಿ ಅದನ್ನು ಪಡೆದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ವರ್ಷದ ಕೊನೆಯ ರಾತ್ರಿ ಇಡೀ ಜಪಾನು ಕುಟುಂಬ ಸಮೇತ ಕುಳಿತು ನೋಡುವ ಕೊಹಾಕು ಎಂಬ ಸಂಗೀತ ಕಾರ್ಯಕ್ರಮದಲ್ಲಿ 1999ರಿಂದ 2013ರವರೆಗೆ ಒಂದು ವರ್ಷವೂ ತಪ್ಪದೆ ಹಾಡಿದರು.

ಪ್ರಶ್ನೆ: ಇಷ್ಟು ಎತ್ತರದಲ್ಲಿದ್ದವರು ಇಳಿದದ್ದು ಯಾವಾಗ? ತಪ್ಪು ಆಕೆಯದೋ, ಸಂಸ್ಥೆಯದೋ, ಇಲ್ಲ ಕಾಲದ್ದೋ? (ಬ್ಯಾಂಕ್ ಉದ್ಯೋಗಿ, ಧಾರವಾಡ)

ಉತ್ತರ: ಇಳಿಕೆ ಒಂದು ದಿನ ಆದದ್ದಲ್ಲ, ಅದನ್ನು ಅಂಕಿಗಳು ಬಹುಕಾಲ ಮರೆಮಾಚಿದವು. 2002ರಿಂದ 2010ರವರೆಗೆ ಆಕೆಯ 25 ಸಿಂಗಲ್‌ಗಳು ಸಾಲಾಗಿ ಓರಿಕಾನ್ ಪಟ್ಟಿಯ ಮೊದಲ ಸ್ಥಾನದಲ್ಲೇ ನಿಂತವು. ಹೊರಗಿನವರಿಗೆ ಇದು ಅಜೇಯ ಗಾಯಕಿಯ ಓಟವಾಗಿ ಕಾಣುತ್ತದೆ. ಆದರೆ ಮೊದಲ ಸ್ಥಾನಕ್ಕೆ ಬೇಕಾದ ಮಾರಾಟವೇ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿತ್ತು. 2000ದ ‘ಡ್ಯೂಟಿ’ ಆಲ್ಬಂ ಮೂವತ್ತು ಲಕ್ಷದ ಹತ್ತಿರ ಹೋಗಿತ್ತು. 2004ರ ಕೊನೆಯ ಆಲ್ಬಂ ಹತ್ತು ಲಕ್ಷವನ್ನು ದಾಟಿತು, ಅಷ್ಟೇ. ಆಮೇಲಿನ ಯಾವ ಹೊಸ ಆಲ್ಬಮ್ಮೂ ಆ ಗಡಿಯನ್ನು ಮುಟ್ಟಲಿಲ್ಲ. 2008ರ ಜನವರಿ 1ರಂದು ಬಂದ ಆಲ್ಬಂ ಮೊದಲ ಬಾರಿಗೆ ಎರಡನೆಯ ಸ್ಥಾನಕ್ಕೆ ಇಳಿಯಿತು. 2014ರಲ್ಲಿ ಬಂದದ್ದು ಐದನೆಯ ಸ್ಥಾನ ಕಂಡಿತು.

ಕಾಲದ ಪಾಲನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದೇ ದೊಡ್ಡದು. ಜಪಾನಿನ ಧ್ವನಿಮುದ್ರಿಕೆ ಉದ್ಯಮ ತನ್ನ ತುತ್ತತುದಿ ಮುಟ್ಟಿದ್ದು 1998ರಲ್ಲಿ. ಆ ವರ್ಷದ ಉತ್ಪಾದನೆಯ ಮೌಲ್ಯ ಸುಮಾರು 60,000 ಕೋಟಿ ಯೆನ್. ಅಯುಮಿ ರಂಗಕ್ಕೆ ಬಂದದ್ದು ಅದೇ ವರ್ಷ ಎಂಬುದನ್ನು ಗಮನಿಸಬೇಕು. ತುಂಬಿದ ಹೊಳೆಗೆ ಇಳಿದ ದೋಣಿ ಅದು. ಅಲ್ಲಿ ಸಿಡಿಯ ಬೆಲೆಯನ್ನು ಅಂಗಡಿಯವರು ಇಳಿಸುವಂತಿಲ್ಲ, ತಯಾರಕರು ಗೊತ್ತುಮಾಡಿದ ಬೆಲೆಗೇ ಮಾರಬೇಕೆಂಬ ವ್ಯವಸ್ಥೆಗೆ ಕಾನೂನಿನ ರಕ್ಷಣೆಯಿದೆ. ಒಂದು ಆಲ್ಬಮ್ಮಿಗೆ ಸುಮಾರು 3,000 ಯೆನ್. ಅಷ್ಟು ಕೊಡಲಾಗದ ವಿದ್ಯಾರ್ಥಿಗಳು ಬಾಡಿಗೆ ಅಂಗಡಿಯಿಂದ ಕೆಲವು ನೂರು ಯೆನ್‌ಗೆ ಸಿಡಿ ತಂದು ಮಿನಿಡಿಸ್ಕ್ ಎಂಬ ಪುಟ್ಟ ಡಿಸ್ಕಿಗೆ ಇಳಿಸಿಕೊಳ್ಳುತ್ತಿದ್ದರು. 2002ರ ಕೊನೆಗೆ ಮೊಬೈಲಿನಲ್ಲೇ ಹಾಡಿನ ತುಣುಕನ್ನು ಕೊಂಡು ರಿಂಗ್‌ಟೋನ್ ಆಗಿಸುವ ಸೇವೆ ಬಂತು, 2004ರಲ್ಲಿ ಇಡೀ ಹಾಡೇ ಫೋನಿಗೆ ಇಳಿಯತೊಡಗಿತು. 2010ರ ವೇಳೆಗೆ ಆ ಉದ್ಯಮ 1998ರ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಹೊಳೆಯೇ ಬತ್ತಿದ ಮೇಲೆ ದೋಣಿಯನ್ನು ಮಾತ್ರ ದೂರುವುದು ನ್ಯಾಯವಲ್ಲ.

ಬತ್ತಿದ ಹೊಳೆಯಲ್ಲಿಯೂ ಕೆಲವರು ದೊಡ್ಡ ದೋಣಿ ನಡೆಸಿದರು ಎಂದು ನೀವು ಕೇಳಬಹುದು. ನಿಜ. 2005ರಲ್ಲಿ ಟೋಕಿಯೊದ ಅಕಿಹಾಬಾರಾದಲ್ಲಿ ಎಕೆಬಿ48 ಎಂಬ ಹುಡುಗಿಯರ ತಂಡ ಹುಟ್ಟಿತು. ಅವರ ಸಿಡಿಯೊಳಗೆ ತಂಡದವರ ಕೈಕುಲುಕುವ ಚೀಟಿ, ನೆಚ್ಚಿನ ಹುಡುಗಿಗೆ ಮತ ಹಾಕುವ ಚೀಟಿ ಇಡಲಾಗುತ್ತಿತ್ತು. ಒಬ್ಬನೇ ಅಭಿಮಾನಿ ಒಂದೇ ಸಿಡಿಯ ಹತ್ತಾರು ಪ್ರತಿ ಕೊಳ್ಳುವುದು ಸಾಮಾನ್ಯವಾಯಿತು. 2010ರ ವಾರ್ಷಿಕ ಸಿಂಗಲ್ ಪಟ್ಟಿಯ ಮೊದಲ ಹತ್ತೂ ಸ್ಥಾನಗಳು ಎಕೆಬಿ48 ಮತ್ತು ಅರಾಶಿ ಎಂಬ ಎರಡೇ ತಂಡಗಳ ಪಾಲಾದವು. ಅದೇ ವರ್ಷ ಕೊರಿಯಾದ ಹುಡುಗಿಯರ ತಂಡಗಳು ಜಪಾನಿನ ರಂಗಕ್ಕೆ ಬಂದವು. ಒಬ್ಬಳೇ ನಿಂತು ತನ್ನ ನೋವನ್ನು ಹಾಡುವ ಗಾಯಕಿಗೆ ಆ ಮಾರುಕಟ್ಟೆಯಲ್ಲಿ ಜಾಗ ಕಿರಿದಾಯಿತು.

ಇನ್ನು ಸಂಸ್ಥೆಯ ವಿಷಯ. ಆಕೆಯನ್ನು ಏವೆಕ್ಸ್ ಅತಿಯಾಗಿ ದುಡಿಸಿಕೊಂಡಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. 2000ದ ಏಪ್ರಿಲ್ 26ರಿಂದ ಜೂನ್ 7ರವರೆಗಿನ ಆರು ವಾರಗಳಲ್ಲಿ ಮೂರು ಸಿಂಗಲ್‌ಗಳು ಬಂದವು. ಮೂರೂ ಸೇರಿ ಹತಾಶೆಯ ಒಂದೇ ಕಥೆಯ ಮೂರು ಭಾಗಗಳಾಗಿದ್ದವು, ಆಕೆಯ ಬರವಣಿಗೆ ಅತ್ಯಂತ ಆಳಕ್ಕೆ ಹೋದದ್ದೂ ಅಲ್ಲಿಯೇ. ಆದರೆ ಅವುಗಳ ಜೊತೆಗೇ ಅವೇ ಹಾಡುಗಳನ್ನು ಯೂರೋಬೀಟ್, ಟ್ರಾನ್ಸ್ ಎಂಬ ನೃತ್ಯಸಂಗೀತದ ಬೇರೆ ಬೇರೆ ಬಟ್ಟೆ ತೊಡಿಸಿದ ರೀಮಿಕ್ಸ್ ಆಲ್ಬಂಗಳೂ ಒಂದರ ಮೇಲೊಂದು ಅಂಗಡಿಗೆ ಬಂದವು. 2001ರ ಮಾರ್ಚ್‌ನಲ್ಲಿ, ಹಾಡಲು ಶುರುಮಾಡಿ ಮೂರು ವರ್ಷ ತುಂಬುವ ಮೊದಲೇ, ‘ಎ ಬೆಸ್ಟ್’ ಎಂಬ ಆಯ್ದ ಹಾಡುಗಳ ಸಂಕಲನವನ್ನು ತರಲಾಯಿತು. ಅಷ್ಟು ಬೇಗ ಸಂಕಲನ ತರುವುದು ಆಕೆಗೆ ಇಷ್ಟವಿರಲಿಲ್ಲ. ಆರು ಬಗೆಯ ಮುಖಪುಟಗಳಲ್ಲಿ ಬಂದ ಆ ಆಲ್ಬಮ್ಮಿನ ಚಿತ್ರದಲ್ಲಿ ಆಕೆಯ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿದೆ. ನಲವತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಆ ಕಣ್ಣೀರೇ ಹೋಯಿತು.

ಮತ್ತೊಂದು ತಪ್ಪು ಕೊಳ್ಳುವವರನ್ನೇ ಅನುಮಾನಿಸಿದ್ದು. 2002ರಲ್ಲಿ ಜಪಾನಿನಲ್ಲೇ ಮೊದಲ ಬಾರಿಗೆ ಕಂಪ್ಯೂಟರಿಗೆ ನಕಲು ಮಾಡಲಾಗದ ಸಿಡಿಗಳನ್ನು ಮಾರುಕಟ್ಟೆಗೆ ತಂದದ್ದು ಏವೆಕ್ಸ್. ಕೆಲವು ಯಂತ್ರಗಳಲ್ಲಿ ಅವು ಸರಿಯಾಗಿ ನುಡಿಯುವುದಿಲ್ಲ ಎಂಬ ದೂರುಗಳು ಬಂದವು. ಎರಡು ವರ್ಷಗಳಲ್ಲಿ ಸಂಸ್ಥೆ ಆ ಕ್ರಮದಿಂದ ಹಿಂದೆ ಸರಿಯಬೇಕಾಯಿತು. ದುಡ್ಡು ಕೊಟ್ಟು ಕೊಂಡವರೇ ಇದರ ತೊಂದರೆ ಅನುಭವಿಸಿದರು.

ಆದರೂ ಆಕೆ ಮತ್ತು ಮತ್ಸೂರಾ ಅವರ ನಡುವಿನ ನಿಷ್ಠೆ ಎಂಥದು ಎನ್ನುವುದಕ್ಕೆ 2004ರ ಆಗಸ್ಟ್ ಸಾಕ್ಷಿ. ಆಡಳಿತದ ಒಳಜಗಳದಲ್ಲಿ ಮತ್ಸೂರಾ ರಾಜೀನಾಮೆ ಕೊಟ್ಟಾಗ, ಅವರಿಲ್ಲದ ಸಂಸ್ಥೆಯಲ್ಲಿ ತಾನೂ ಇರುವುದಿಲ್ಲ ಎಂಬ ಇಂಗಿತವನ್ನು ಅಯುಮಿ ಕೊಟ್ಟರು. ಷೇರು ಬೆಲೆ ಕುಸಿಯಿತು. ಕೆಲವೇ ದಿನಗಳಲ್ಲಿ ಎದುರು ಬಣದ ಅಧ್ಯಕ್ಷರು ಹುದ್ದೆ ಬಿಟ್ಟರು, ಮತ್ಸೂರಾ ಮರಳಿದರು. ಒಬ್ಬ ಗಾಯಕಿಯ ಮಾತಿಗೆ ಷೇರುಪೇಟೆಯಲ್ಲಿರುವ ಸಂಸ್ಥೆಯೊಂದು ಹಾಗೆ ಅಲುಗಾಡಿದ್ದನ್ನು ಓದಿದಾಗ ನನಗೆ ಮೊದಲು ಹೆಮ್ಮೆಯೆನಿಸಿತ್ತು. ಸಂಸ್ಥೆ ಒಬ್ಬಳ ಹೆಗಲ ಮೇಲೆ ಎಷ್ಟು ಭಾರ ಹೊರಿಸಿತ್ತು ಎಂಬುದು ಹೊಳೆದದ್ದು ತಡವಾಗಿ. (ಒಂದು ಕಾಲಕ್ಕೆ ಅವರಿಬ್ಬರ ನಡುವೆ ಪ್ರೇಮವಿತ್ತೆಂಬುದು 2019ರಲ್ಲಿ ಬಂದ ಒಂದು ಪುಸ್ತಕದಿಂದ ಹೊರಗೆ ತಿಳಿಯಿತು. ಅದು ಅವರ ಖಾಸಗಿ ವಿಷಯ, ಇಲ್ಲಿ ಬೆಳೆಸುವುದಿಲ್ಲ.)

ಆಕೆಯ ಪಾಲು ಏನೂ ಇಲ್ಲವೆ? ಇದೆ. 2006ರ ಅನಂತರದ ಸಾಹಿತ್ಯದಲ್ಲಿ ಮೊದಲಿನ ಹುಡುಕಾಟ ತೆಳುವಾಯಿತು ಎಂದೇ ನನಗನ್ನಿಸುತ್ತದೆ. ಹದಿನೆಂಟರ ಒಂಟಿತನವನ್ನು ಬರೆದ ಕೈ, ಮೂವತ್ತರ ಬದುಕನ್ನು ಅಷ್ಟೇ ಬಿಚ್ಚುಮನಸ್ಸಿನಿಂದ ಬರೆಯಲು ಹಿಂಜರಿಯಿತು. ಆ ಜಾಗವನ್ನು ರಂಗದ ವೈಭವ, ನೃತ್ಯಪಡೆ, ವೇಷಭೂಷಣಗಳು ತುಂಬಿದವು. ದನಿಯೂ ಬದಲಾಗಿತ್ತು. ಅದಕ್ಕೆ ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಆಕೆಗೆ ಒಂದು ಕಿವಿ ಕೇಳಿಸುವುದಿಲ್ಲ ಎಂದು ಎಲ್ಲೋ ಓದಿದೆ. ಇದು ನಿಜವೆ? ಹಾಗಿದ್ದರೆ ಶ್ರುತಿ ಹಿಡಿದು ಹಾಡಲು ಹೇಗೆ ಸಾಧ್ಯ? (ಸಂಗೀತ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ನಿಜ. 2000ದಲ್ಲಿ, ದೇಶದುದ್ದಕ್ಕೂ ಕಛೇರಿ ಪ್ರವಾಸ ನಡೆಯುತ್ತಿದ್ದಾಗಲೇ, ಒಳಕಿವಿಯ ತೊಂದರೆ ಕಾಣಿಸಿಕೊಂಡಿತು. ಇಂಥ ತೊಂದರೆಗೆ ಚಿಕಿತ್ಸೆಯ ಜೊತೆಗೆ ಬೇಕಾದದ್ದು ವಿಶ್ರಾಂತಿ ಮತ್ತು ಗದ್ದಲದಿಂದ ದೂರವಿರುವುದು. ಆಕೆಗೆ ಎರಡೂ ಸಿಗಲಿಲ್ಲ. ಮರುವರ್ಷವೇ ಫುಕುಒಕಾ, ಒಸಾಕಾ, ನಾಗೊಯಾ, ಟೋಕಿಯೊಗಳ ಬೃಹತ್ ಡೋಮ್ ಕ್ರೀಡಾಂಗಣಗಳಲ್ಲಿ ಹಾಡಿದರು. 2008ರ ಜನವರಿಯಲ್ಲಿ ತಮ್ಮ ಎಡಗಿವಿ ಇನ್ನು ಕೆಲಸ ಮಾಡದು, ವೈದ್ಯರು ಚಿಕಿತ್ಸೆ ಉಳಿದಿಲ್ಲವೆಂದಿದ್ದಾರೆ ಎಂದು ಅಭಿಮಾನಿಗಳಿಗೆ ತಾವೇ ತಿಳಿಸಿ, ಆದರೂ ಹಾಡುವುದನ್ನು ಬಿಡುವುದಿಲ್ಲ ಎಂದು ಬರೆದರು. 2017ರ ಮೇ ತಿಂಗಳಲ್ಲಿ ಬಲಗಿವಿಯೂ ಕ್ಷೀಣಿಸುತ್ತಿದೆ, ತಲೆಸುತ್ತು ಕಾಡುತ್ತಿದೆ ಎಂದು ಹೇಳಿದ ಆಕೆ, ಅದೇ ತಿಂಗಳು ಹೊಸ ಪ್ರವಾಸಕ್ಕೆ ಹೊರಟರು.

ನಿಮ್ಮ ಎರಡನೆಯ ಪ್ರಶ್ನೆ ಮುಖ್ಯವಾದದ್ದು. ಒಂದೇ ಕಿವಿಯಿಂದಲೂ ಸ್ವರಸ್ಥಾನವನ್ನು ಗುರುತಿಸಬಹುದು. ಕಳೆದುಹೋಗುವುದು ದಿಕ್ಕು. ಸದ್ದು ಯಾವ ಕಡೆಯಿಂದ ಬಂತು ಎಂಬುದನ್ನು ಮಿದುಳು ಅರಿಯುವುದು ಎರಡು ಕಿವಿಗಳನ್ನು ಹೋಲಿಸಿ. ಗದ್ದಲದ ನಡುವೆ ಒಂದು ದನಿಯನ್ನು ಬೇರ್ಪಡಿಸಿ ಕೇಳುವುದಕ್ಕೂ ಅದೇ ಹೋಲಿಕೆ ಬೇಕು. ತಂಬೂರಿಯ ಮುಂದೆ ಕುಳಿತು ಹಾಡುವವರಿಗೆ ಇದರ ಕಷ್ಟ ಅಷ್ಟು ಆಗಲಿಕ್ಕಿಲ್ಲ. ಆದರೆ ವಿದ್ಯುತ್ ಗಿಟಾರು, ಡ್ರಮ್ಮು, ಸಾವಿರಾರು ಜನರ ಕೂಗು, ಇವುಗಳ ನಡುವೆ ಓಡಾಡುತ್ತ ಹಾಡುವವಳಿಗೆ ತನ್ನ ದನಿ ತನಗೇ ಕೇಳದೆ ಹೋಗುತ್ತದೆ. ಆಗ ಗಂಟಲಿಗೆ ಹೆಚ್ಚು ಒತ್ತಡ ಹಾಕುವುದು ಸಹಜ. ಮೊದಲ ವರ್ಷಗಳ ತೆಳುವಾದ, ಮೇಲಿನ ಸ್ವರದ ದನಿ ಹೋಗಿ ದಪ್ಪನೆಯ, ಕಂಪನ ತುಂಬಿದ ದನಿ ಬಂದುದಕ್ಕೆ ಇದೂ ಒಂದು ಕಾರಣವಿರಬೇಕು ಎಂಬುದು ನನ್ನ ಊಹೆ. ಆಗಿನ ಕೆಲವು ನೇರ ಪ್ರಸಾರಗಳಲ್ಲಿ ಶ್ರುತಿ ತಪ್ಪಿದ್ದನ್ನು ಕೇಳಿ ನಕ್ಕವರಿದ್ದರು. ನಾನು ಆ ದೃಶ್ಯಗಳನ್ನು ಮತ್ತೆ ನೋಡಿದಾಗಲೆಲ್ಲ ಬೇಸರವಾಗುತ್ತದೆ.

ಪ್ರಶ್ನೆ: ಅಯುಮಿ ಅವರ ಕಾಲದಲ್ಲೇ ಹಾಡಲು ಬಂದ ಉತಾದಾ ಹಿಕಾರು ಇಂದಿಗೂ ಹೆಸರು ಉಳಿಸಿಕೊಂಡಿದ್ದಾರೆ, ಅಯುಮಿ ಉಳಿಸಿಕೊಳ್ಳಲಿಲ್ಲ. ಅಂದ ಮೇಲೆ ಪ್ರತಿಭೆಯ ವ್ಯತ್ಯಾಸವೇ ಕಾರಣವಲ್ಲವೆ? (ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಉತ್ತರ: ಇಬ್ಬರನ್ನೂ ಎದುರಾಳಿಗಳಾಗಿ ನಿಲ್ಲಿಸಿದ್ದು ವ್ಯಾಪಾರ. 2001ರ ಮಾರ್ಚ್ 28ರಂದು, ಒಂದೇ ದಿನ, ಉತಾದಾ ಅವರ ‘ಡಿಸ್ಟನ್ಸ್’ ಮತ್ತು ಅಯುಮಿ ಅವರ ‘ಎ ಬೆಸ್ಟ್’ ಬಿಡುಗಡೆಯಾದವು. ಮೊದಲ ವಾರದಲ್ಲಿ ಒಂದು 30 ಲಕ್ಷವನ್ನು, ಇನ್ನೊಂದು 28 ಲಕ್ಷವನ್ನು ದಾಟಿತು. ಜಪಾನಿನಲ್ಲಿ ಅಂಥ ವಾರ ಮತ್ತೆ ಬರಲಿಲ್ಲ. ಉತಾದಾ ಸ್ವರಸಂಯೋಜನೆಯನ್ನೂ ತಾವೇ ಮಾಡುವವರು, ಅದರಲ್ಲಿ ಅವರ ಪ್ರತಿಭೆ ಹಿರಿದು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಉಳಿದದ್ದಕ್ಕೆ ಇನ್ನೊಂದು ಕಾರಣವಿದೆ. 2010ರಲ್ಲಿ ಅವರು ವಿರಾಮ ಘೋಷಿಸಿ ರಂಗದಿಂದ ದೂರವಾದರು, 2016ರಲ್ಲಿ ಹೊಸ ಆಲ್ಬಮ್ಮಿನೊಂದಿಗೆ ಮರಳಿದರು. ಆ ನಡುವಿನ ವರ್ಷಗಳಲ್ಲಿ ಬದುಕಿದ್ದು ಹಾಡುಗಳಲ್ಲಿ ಕಾಣುತ್ತದೆ. ಅಯುಮಿ ಅವರಿಗೆ ಅಂಥ ಬಿಡುವು ಸಿಗಲಿಲ್ಲ, ಅಥವಾ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಸಿಂಗಲ್, ಆಲ್ಬಂ, ಪ್ರವಾಸ, ಯೊಯೊಗಿ ಕ್ರೀಡಾಂಗಣದಲ್ಲಿ ಹೊಸ ವರ್ಷವನ್ನು ಬರಮಾಡಿಕೊಳ್ಳುವ ಕಛೇರಿ, ಮತ್ತೆ ಸಿಂಗಲ್. ಗಾಣ ಹಾಗೆಯೇ ಸುತ್ತಿತು.

ಪ್ರಶ್ನೆ: ಈಗ ಏನು ಮಾಡುತ್ತಿದ್ದಾರೆ? ಇನ್ನೂ ಹಾಡುತ್ತಾರೆಯೆ? (ಗೃಹಿಣಿ, ಉಡುಪಿ)

ಉತ್ತರ: ಹಾಡುತ್ತಾರೆ. ಇಬ್ಬರು ಮಕ್ಕಳ ತಾಯಿಯಾಗಿದ್ದಾರೆ. 2016ರ ಅನಂತರ ಆರು ವರ್ಷಕ್ಕೂ ಹೆಚ್ಚು ಕಾಲ ಪೂರ್ಣ ಪ್ರಮಾಣದ ಹೊಸ ಆಲ್ಬಂ ಬರಲಿಲ್ಲ; 2023ರ ಜನವರಿಯಲ್ಲಿ ಬಂತು. ಮೊದಲಿನ ಲಕ್ಷಗಳ ಮಾತು ಈಗಿಲ್ಲ, ಆದರೆ ಕಛೇರಿಗೆ ಬರುವವರಲ್ಲಿ 1999ರ ಶಾಲಾ ಹುಡುಗಿಯರು ಈಗ ನಡುವಯಸ್ಸಿನ ತಾಯಂದಿರಾಗಿ, ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಕರಾಓಕೆ ಕೋಣೆಗಳಲ್ಲಿ ಆ ಹಳೆಯ ಹಾಡುಗಳು ಇಂದಿಗೂ ಕೇಳಿಬರುತ್ತವೆ.

ಜಪಾನಿನ ಹೊರಗೆ, ತೈಪೆ, ಹಾಂಕಾಂಗ್, ಶಾಂಘೈಗಳಲ್ಲಿ ಆಕೆ 2007ರಲ್ಲೇ ಹಾಡಿ ದೊಡ್ಡ ಅಭಿಮಾನಿ ಬಳಗವನ್ನು ಗಳಿಸಿದ್ದರು. 2025ರ ನವೆಂಬರ್ ಕೊನೆಯಲ್ಲಿ ಶಾಂಘೈಯಲ್ಲಿ ಮತ್ತೆ ಹಾಡಬೇಕಿತ್ತು. ಜಪಾನ್ ಮತ್ತು ಚೀನಾಗಳ ನಡುವಿನ ರಾಜಕೀಯ ಬಿಕ್ಕಟ್ಟು ಬಿಗಡಾಯಿಸಿದ್ದ ಹೊತ್ತು ಅದು; ಎರಡೂ ದೇಶಗಳ ಕೆಲಸಗಾರರು ಸೇರಿ ರಂಗಸಜ್ಜು ಮುಗಿಸಿದ ಮೇಲೆ, ಕಛೇರಿಗೆ ಒಂದು ದಿನ ಮೊದಲು, ಕಾರ್ಯಕ್ರಮವನ್ನು ರದ್ದುಗೊಳಿಸಬೇಕೆಂದು ತಿಳಿಸಲಾಯಿತು. ಸುಮಾರು 14,000 ಆಸನಗಳ ಆ ಸಭಾಂಗಣದಲ್ಲಿ ಒಬ್ಬ ಪ್ರೇಕ್ಷಕರೂ ಇಲ್ಲದಿದ್ದಾಗ, ಪೂರ್ಣ ವೇಷಭೂಷಣದಲ್ಲಿ, ವಾದ್ಯದವರು ಮತ್ತು ನರ್ತಕರೊಂದಿಗೆ ಆಕೆ ರಂಗವೇರಿ ಕಾರ್ಯಕ್ರಮವನ್ನು ನಡೆಸಿದರು. ಆಮೇಲೆ ಖಾಲಿ ಆಸನಗಳ ಚಿತ್ರಗಳನ್ನು ಅಭಿಮಾನಿಗಳೊಂದಿಗೆ ಹಂಚಿಕೊಂಡರು.